ಲಾಸ್ಕೋ ಗುಹೆಯೂ ಸುಣ್ಣದ ತಿಳಿಯೂ

ಗುಹೆಯೆಂದೊಡನೆ ನಮ್ಮಲ್ಲಿ ಅನೇಕರಿಗೆ ಬಾದಾಮಿಯ ನೆನಪಾಗುವುದು ಸಹಜ. ಆದರೆ ಬಾದಾಮಿಯ ಗುಹೆಗಳು ಮನುಷ್ಯನು ಮರಳುಗಲ್ಲನ್ನು ಉಳಿಯಿಂದ ಕಡೆದು ಮಾಡಿದ ದೇವಾಲಯಗಳು. ಅವುಗಳಿಗೆ ಶಿಲ್ಪಿಯುಂಟು, ಮಾಡಿಸಿದ ಅರಸನುಂಟು. ಈ ಲೇಖನದಲ್ಲಿ ನಾವು ಹೇಳಹೊರಟಿರುವುದು ಬೇರೊಂದು ಬಗೆಯ ಗುಹೆಯ ವಿಚಾರ. ಅದನ್ನು ಕಡೆದುದು ಉಳಿಯಲ್ಲ, ನೀರು. ಮಾಡಿಸಿದವರು ಯಾರೂ ಇಲ್ಲ. ಅದರ ಓಣಿಗಳನ್ನೆಲ್ಲ ಒಟ್ಟುಗೂಡಿಸಿ ಅಳೆದರೂ ಸುಮಾರು 235 ಮೀಟರುಗಳಾಗುತ್ತವೆ. ಅಂದರೆ ನಡೆಯಬಲ್ಲವನಿಗೆ ನಾಲ್ಕೈದು ನಿಮಿಷಗಳ ದಾರಿ. ಪ್ರಪಂಚದಲ್ಲಿ ನೂರಾರು ಕಿಲೋಮೀಟರು ಉದ್ದದ ಗುಹೆಗಳಿರುವಾಗ ಇಷ್ಟು ಕಿರಿದಾದ ಗುಹೆಯೊಂದು ಅಷ್ಟೊಂದು ಹೆಸರಾದುದು ಹೇಗೆ, ಮತ್ತು ಹೆಸರಾದುದೇ ಅದಕ್ಕೆ ಹೇಗೆ ಕುತ್ತಾಯಿತು ಎಂಬುದನ್ನು ನೋಡೋಣ.

ಫ್ರಾನ್ಸ್ ದೇಶದ ನೈಋತ್ಯ ಭಾಗದಲ್ಲಿ ದೋರ್ದೋನ್ ಎಂಬ ಸೀಮೆಯುಂಟು. ಅಲ್ಲಿ ವೆಝೇರ್ ಎಂಬ ನದಿಯು ಸುಣ್ಣಕಲ್ಲಿನ ಬೆಟ್ಟಗಳ ನಡುವೆ ಬಳಸಿ ಬಳಸಿ ಹರಿಯುತ್ತದೆ. ಅದರ ದಡದಲ್ಲಿ ಮೊಂತಿನ್ಯಾಕ್ ಎಂಬ ಸಣ್ಣ ಊರು; ಊರಿಗೆ ಸಮೀಪದಲ್ಲಿ ಕಾಡು ಬೆಳೆದ ಲಾಸ್ಕೋ ಗುಡ್ಡ. ಆ ಗುಡ್ಡದ ಮೇಲೆ ಹಿಂದೆಂದೋ ಒಂದು ದೊಡ್ಡ ಮರ ಬೇರುಸಹಿತ ಉರುಳಿ, ಅದು ಇದ್ದ ಜಾಗದಲ್ಲಿ ಕುಳಿಯೊಂದು ಬಿದ್ದಿತ್ತು. ಕುರಿದನಗಳು ಕಾಲು ಜಾರಿ ಬೀಳದಿರಲೆಂದು ಊರವರು ಅದರ ಮೇಲೆ ಮುಳ್ಳುಕಂಟಿ ಹಾಕಿದ್ದರೆಂದೂ, ಸತ್ತ ಕತ್ತೆಯೊಂದನ್ನು ಅದರೊಳಕ್ಕೆ ಎಸೆದಿದ್ದರೆಂದೂ ಹೇಳುತ್ತಾರೆ. ಕುಳಿಯ ಕೆಳಗೆ ಏನಿದೆಯೆಂದು ಯಾರೂ ಇಳಿದು ನೋಡಿರಲಿಲ್ಲ.

ಇಸವಿ 1940. ಆ ವರ್ಷದ ಜೂನ್ ತಿಂಗಳಿನಲ್ಲಿ ಫ್ರಾನ್ಸ್ ಜರ್ಮನಿಗೆ ಸೋತು ಶರಣಾಗಿತ್ತು. ದೇಶದ ಉತ್ತರ ಭಾಗದಿಂದ ಮನೆಮಠ ಬಿಟ್ಟು ಬಂದವರು ದಕ್ಷಿಣದ ಹಳ್ಳಿ ಪಟ್ಟಣಗಳಲ್ಲೆಲ್ಲ ತುಂಬಿದ್ದರು. ಸೆಪ್ಟೆಂಬರ್ 8ರಂದು ಮಾರ್ಸೆಲ್ ರಾವಿದಾ ಎಂಬ ತರುಣನು ತನ್ನ ಗೆಳೆಯರೊಡನೆಯೂ ರೋಬೋ ಎಂಬ ನಾಯಿಯೊಡನೆಯೂ ಗುಡ್ಡದಲ್ಲಿ ಅಲೆಯುತ್ತಿದ್ದಾಗ ಈ ಕುಳಿಯನ್ನು ಕಂಡನು. ನಾಯಿಯು ಕುಳಿಯೊಳಕ್ಕೆ ಬಿದ್ದಿತು, ಅದನ್ನು ಎತ್ತಲು ಹೋದ ಹುಡುಗರಿಗೆ ಗುಹೆ ಸಿಕ್ಕಿತು ಎಂಬ ಕಥೆ ಲೋಕದಲ್ಲೆಲ್ಲ ಪ್ರಚಾರವಾಗಿದೆ. ಕಥೆ ಸೊಗಸಾಗಿದೆ, ನಿಜ. ಆದರೆ ಕಂಡುಹಿಡಿದ ಹಿರಿಮೆಯನ್ನೆಲ್ಲ ನಾಯಿಗೆ ಕೊಡುವುದು ಸರಿಯಲ್ಲವೆಂದು ನಮ್ಮ ಮತ. ಏಕೆಂದರೆ ಆ ದಿನ ಯಾರೂ ಒಳಗೆ ಇಳಿಯಲಿಲ್ಲ. ರಾವಿದಾ ಕುಳಿಯ ತಳದ ಸಣ್ಣ ಕಿಂಡಿಯೊಳಕ್ಕೆ ಕಲ್ಲುಗಳನ್ನು ಹಾಕಿದನು. ಅವು ಉರುಳುತ್ತ ಉರುಳುತ್ತ ಬಹಳ ದೂರ ಹೋದ ಸದ್ದು ಕೇಳಿಸಿತು. ಆತನು ಮನೆಗೆ ಹಿಂದಿರುಗಿ ಸಿದ್ಧತೆ ಮಾಡಿಕೊಂಡನು.

ಇಲ್ಲಿ ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಒಂದು ಮಾತು. ಬಾವಿಯೊಳಕ್ಕೆ ಕಲ್ಲು ಹಾಕಿ, ಅದು ತಳ ಮುಟ್ಟುವ ಕಾಲದಿಂದ ಆಳವನ್ನು ಕಂಡುಹಿಡಿಯುವ ಲೆಕ್ಕವನ್ನು ನೀವು ಮಾಡಿದ್ದೀರಿ: ಒಂದು ಸೆಕೆಂಡಿಗೆ ಸುಮಾರು 5 ಮೀಟರು, ಎರಡು ಸೆಕೆಂಡಿಗೆ ಸುಮಾರು 20 ಮೀಟರು. ಆ ಲೆಕ್ಕವು ಕಲ್ಲು ನೆಟ್ಟಗೆ ಬಿದ್ದರೆ ಮಾತ್ರ ಹೊಂದುತ್ತದೆ. ಇಳಿಜಾರಿನ ಮೇಲೆ ಉರುಳುವ ಕಲ್ಲಿನ ಸದ್ದು ಆಳವನ್ನು ತಿಳಿಸಲಾರದು. ಒಳಗೆ ಪೊಳ್ಳು ಜಾಗ ಬಹಳವಿದೆ ಎಂಬುದನ್ನು ಮಾತ್ರ ತಿಳಿಸಬಲ್ಲದು. ರಾವಿದಾನಿಗೆ ಅಷ್ಟೇ ಸಾಕಾಯಿತು.

ಸೆಪ್ಟೆಂಬರ್ 12ರಂದು ಆತನು ದೊಡ್ಡದೊಂದು ಚೂರಿಯನ್ನೂ ತಾನೇ ಹೊಂದಿಸಿಕೊಂಡ ದೀಪವನ್ನೂ ತೆಗೆದುಕೊಂಡು ಹೊರಟನು. ಈ ಸಲ ಜೊತೆಗೆ ಬಂದವರು ಬೇರೆ ಮೂವರು: ಝಾಕ್ ಮಾರ್ಸಾಲ್, ಝಾರ್ಜ್ ಆನ್ಯೆಲ್, ಸಿಮೋನ್ ಕೋಎನ್‌ಕಾಸ್. ಎಲ್ಲರೂ ರಾವಿದಾನಿಗಿಂತ ಕಿರಿಯರು. ಮಾರ್ಸಾಲ್ ಊರಿನ ಹುಡುಗ. ಆನ್ಯೆಲ್ ಮತ್ತು ಕೋಎನ್‌ಕಾಸ್ ಪ್ಯಾರಿಸ್ ಕಡೆಯಿಂದ ಬಂದವರು. ಗುಡ್ಡದ ಕೆಳಗಿನ ಹಳೆಯ ಮಹಲಿಗೆ ಹೋಗುವ ಸುರಂಗವೊಂದು ಅಲ್ಲೆಲ್ಲೋ ಇದೆಯೆಂದು ಊರಿನಲ್ಲಿ ಪ್ರತೀತಿಯಿತ್ತು. ಹುಡುಗರ ಮನಸ್ಸಿನಲ್ಲಿದ್ದುದು ಆ ಸುರಂಗ. ಚೂರಿಯಿಂದ ಮಣ್ಣು ಕೆದಕಿ ಕಿಂಡಿಯನ್ನು ಅಗಲಮಾಡಿ ರಾವಿದಾ ತಲೆಯನ್ನು ಮುಂದುಮಾಡಿ ಒಳಗೆ ನುಸುಳಿದನು. ಕಲ್ಲು ಮಣ್ಣು ರಾಶಿಬಿದ್ದು ಜಾರುಬಂಡೆಯಂತಾಗಿದ್ದ ಇಳಿಜಾರಿನ ಮೇಲೆ ಉರುಳಿ ಕೆಳಗೆ ಬಿದ್ದನು. ದೀಪ ಹೊತ್ತಿಸಿ ಉಳಿದವರನ್ನು ಕರೆದನು. ಅವರೂ ಇಳಿದರು.

ಅವರು ಇಳಿದು ನಿಂತ ಸ್ಥಳವು ಈಗ ಗೂಳಿಗಳ ಹಜಾರವೆಂದು ಪ್ರಸಿದ್ಧವಾಗಿದೆ. ಅದರ ಗೋಡೆಯ ಮೇಲಿನ ಒಂದು ಗೂಳಿಯ ಚಿತ್ರವೇ ಐದು ಮೀಟರಿಗಿಂತ ಉದ್ದವಾಗಿದೆ. ಆದರೂ ವಿಚಿತ್ರವೇನೆಂದರೆ, ಹುಡುಗರು ಆ ಹಜಾರವನ್ನು ದಾಟಿ ಮುಂದೆ ಹೋದರೇ ಹೊರತು ಯಾವ ಚಿತ್ರವನ್ನೂ ಕಾಣಲಿಲ್ಲ! ಹಜಾರದ ಆಚೆ, ಇಕ್ಕಟ್ಟಾದ ಓಣಿಯೊಂದನ್ನು ಹೊಕ್ಕಮೇಲೆಯೇ ದೀಪವೆತ್ತಿದಾಗ ಕೆಂಪು, ಕಪ್ಪು, ಹಳದಿ ಬಣ್ಣದ ಮೃಗಗಳು ಅವರ ಕಣ್ಣಿಗೆ ಬಿದ್ದುವು. ಅವರು ಅಜಾಗರೂಕರಾಗಿದ್ದುದರಿಂದ ಹೀಗಾಯಿತೆಂದು ತಿಳಿಯಬಾರದು. ದೀಪದಿಂದ ದೂರ ಎರಡರಷ್ಟಾದರೆ ಬೆಳಕು ನಾಲ್ಕನೆಯ ಒಂದು ಪಾಲಿಗೂ, ಮೂರರಷ್ಟಾದರೆ ಒಂಬತ್ತನೆಯ ಒಂದು ಪಾಲಿಗೂ ಇಳಿಯುತ್ತದೆ. ಓಣಿಯಲ್ಲಿ ಕೈಯಳತೆಯಲ್ಲಿದ್ದ ಗೋಡೆಗೂ, ಹಜಾರದಲ್ಲಿ ಮೂರು ನಾಲ್ಕು ಮೀಟರು ದೂರದಲ್ಲಿದ್ದ ಗೋಡೆಗೂ ಆ ಬಡದೀಪದ ಬೆಳಕು ಒಂದೇ ರೀತಿಯಾಗಿ ಬೀಳುವುದು ಹೇಗೆ? ಪಾಠಪುಸ್ತಕದಲ್ಲಿ ನೀವು ಬಾಯಿಪಾಠ ಮಾಡುವ ನಿಯಮವೇ ಆ ಮಧ್ಯಾಹ್ನ ಐದು ಮೀಟರಿನ ಗೂಳಿಯನ್ನು ನಾಲ್ವರು ಹುಡುಗರಿಂದ ಮರೆಮಾಡಿತು.

ಮರುದಿನ ಅವರು ಹಗ್ಗವನ್ನು ತಂದರು. ಗುಹೆಯ ಬಲಗಡೆಯ ಕವಲಿನಲ್ಲಿ ನೆಲವು ಒಮ್ಮೆಗೇ ಕುಸಿದು ಐದಾರು ಮೀಟರು ಆಳದ ಬಾವಿಯಂತಾಗಿದೆ. ರಾವಿದಾ ಹಗ್ಗ ಹಿಡಿದು ಅದರೊಳಕ್ಕೆ ಇಳಿದನು. ಕೆಳಗೆ ಅವನು ಕಂಡ ಚಿತ್ರವು ಇಂದಿಗೂ ವಿದ್ವಾಂಸರ ತಲೆ ತಿನ್ನುತ್ತಿದೆ: ಕರುಳು ಹೊರಬಿದ್ದ ಬೈಸನ್ ಎಂಬ ಕಾಡುಗೂಳಿ, ಅದರ ಮುಂದೆ ಅಂಗಾತ ಬೀಳುತ್ತಿರುವ, ಹಕ್ಕಿಯ ತಲೆಯಂಥ ತಲೆಯುಳ್ಳ ಮನುಷ್ಯ, ಪಕ್ಕದಲ್ಲಿ ಕೋಲಿನ ಮೇಲೊಂದು ಹಕ್ಕಿ. ಇಡೀ ಗುಹೆಯಲ್ಲಿ ಮನುಷ್ಯನ ಚಿತ್ರ ಇದೊಂದೇ.

ನಮ್ಮ ವಾಚಕರು ಈ ಸಾಹಸವನ್ನು ಮೆಚ್ಚಲಿ, ಆದರೆ ಅನುಕರಿಸದಿರಲಿ. ಇಂಗಾಲಾಮ್ಲ ವಾಯು, ಅಂದರೆ ಕಾರ್ಬನ್ ಡೈ ಆಕ್ಸೈಡ್, ಸಾಮಾನ್ಯ ಗಾಳಿಗಿಂತ ಒಂದೂವರೆ ಪಾಲು ಭಾರವಾದುದು. ಗಾಳಿಯಾಡದ ತಗ್ಗುಗಳಲ್ಲಿ ಅದು ನೀರಿನಂತೆ ನಿಲ್ಲುತ್ತದೆ. ಲಾಸ್ಕೋ ಗುಹೆಯ ಈ ಬಾವಿಯಲ್ಲಿಯೂ ಅದು ಸ್ವಾಭಾವಿಕವಾಗಿಯೇ ಸೇರಿಕೊಳ್ಳುವುದೆಂದು ಮುಂದೆ ಅಳತೆಗಳಿಂದ ತಿಳಿದುಬಂದಿದೆ. ಹಾಳುಬಾವಿಗೆ ಇಳಿಯುವ ಮುನ್ನ ದೀಪವನ್ನು ಇಳಿಬಿಟ್ಟು ನೋಡುವ ಪದ್ಧತಿ ನಮ್ಮ ಹಳ್ಳಿಗಳಲ್ಲಿ ಉಂಟಷ್ಟೆ; ಅದು ಒಳ್ಳೆಯ ಪದ್ಧತಿಯೇ ಹೌದು. ಆದರೂ ದೀಪ ಉರಿಯಿತೆಂದ ಮಾತ್ರಕ್ಕೆ ಅಪಾಯವಿಲ್ಲವೆಂದು ನಂಬಲಾಗದು. ದೀಪವು ಆರುವುದಕ್ಕೆ ಮೊದಲೇ ಮನುಷ್ಯನ ತಲೆ ತಿರುಗಬಹುದು.

ಹುಡುಗರು ಕೆಲವು ದಿನಗಳ ನಂತರ ಊರಿನ ಉಪಾಧ್ಯಾಯರಾದ ಲೆಯೋ ಲಾವಾಲ್ ಎಂಬವರಿಗೆ ಸಂಗತಿಯನ್ನು ತಿಳಿಸಿದರು. ಇವರು ತಮಾಷೆ ಮಾಡುತ್ತಿರಬಹುದೆಂದು ಮೊದಲು ಶಂಕಿಸಿದ ಉಪಾಧ್ಯಾಯರು ತಾವೇ ಒಳಗಿಳಿದು ನೋಡಿ ಬೆರಗಾದರು. ಪ್ರಾಗೈತಿಹಾಸಿಕ ಚಿತ್ರಗಳ ವಿಷಯದಲ್ಲಿ ಆಗ ಯೂರೋಪಿನಲ್ಲೆಲ್ಲ ಹೆಸರಾಂತ ವಿದ್ವಾಂಸರಾಗಿದ್ದ ಪಾದ್ರಿ ಆನ್ರಿ ಬ್ರಯ್ ಯುದ್ಧದ ದೆಸೆಯಿಂದ ಆ ಪ್ರಾಂತದಲ್ಲಿಯೇ ಇದ್ದರು. ಅವರು ಸೆಪ್ಟೆಂಬರ್ 21ರಂದು ಬಂದು ಪರೀಕ್ಷಿಸಿ, ಚಿತ್ರಗಳು ನಿಜವಾಗಿಯೂ ಪ್ರಾಚೀನವಾದುವೆಂದು ಹೇಳಿದರು. ಈ ಮಾತಿಗೆ ಬೆಲೆಯುಂಟು. ಸ್ಪೇನ್ ದೇಶದ ಆಲ್ತಮೀರಾ ಗುಹೆಯ ಚಿತ್ರಗಳು 1879ರಲ್ಲಿ ಕಣ್ಣಿಗೆ ಬಿದ್ದಾಗ ಪಂಡಿತರು ಅವನ್ನು ನಂಬದೆ, ಕಂಡವರ ಮೇಲೆಯೇ ಕೃತ್ರಿಮದ ಅಪವಾದ ಹೊರಿಸಿದ್ದರು. ಒಪ್ಪಿಕೊಳ್ಳಲು ಇಪ್ಪತ್ತಕ್ಕೂ ಹೆಚ್ಚು ವರ್ಷಗಳು ಹಿಡಿದುವು. ಲಾಸ್ಕೋ ಹುಡುಗರಿಗೆ ಒಂಬತ್ತೇ ದಿನಗಳು ಸಾಕಾದುವು. ಅದೇ ವರ್ಷ ಡಿಸೆಂಬರಿನಲ್ಲಿ ಸರ್ಕಾರವು ಗುಹೆಯನ್ನು ಸಂರಕ್ಷಿತ ಸ್ಮಾರಕವೆಂದು ಘೋಷಿಸಿತು. ಅದಕ್ಕೆ ಮೊದಲು ಗುಹೆಯ ಬಾಯಲ್ಲಿ ಗುಡಾರ ಹಾಕಿಕೊಂಡು ಕಾವಲಿದ್ದವರು ರಾವಿದಾ ಮತ್ತು ಮಾರ್ಸಾಲ್.

ಇನ್ನು ಗುಹೆ ಹುಟ್ಟಿದ ಬಗೆಯನ್ನು ನೋಡೋಣ. ಇದಕ್ಕೆ ಫ್ರಾನ್ಸಿಗೆ ಹೋಗಬೇಕಾದುದಿಲ್ಲ. ಎಲೆಯಡಿಕೆಯ ತಟ್ಟೆಯಲ್ಲಿರುವ ಸುಣ್ಣವೇ ಸಾಕು. ಚಿಟಿಕೆ ಸುಣ್ಣವನ್ನು ಒಂದು ಸೀಸೆ ನೀರಿನಲ್ಲಿ ಚೆನ್ನಾಗಿ ಕದಡಿ ರಾತ್ರಿಯೆಲ್ಲ ಇಡಿ. ಬೆಳಿಗ್ಗೆ ಮೇಲೆ ನಿಂತ ತಿಳಿಯನ್ನು ಅಲುಗಿಸದೆ ಗಾಜಿನ ಲೋಟಕ್ಕೆ ಬಗ್ಗಿಸಿಕೊಂಡು, ಅದಕ್ಕೆ ಅಷ್ಟೇ ನೀರು ಬೆರೆಸಿ, ಒಂದು ಕೊಳವೆಯ ಮೂಲಕ ಅದರೊಳಗೆ ಉಸಿರನ್ನು ಊದಿ. (ಊದಬೇಕೇ ಹೊರತು ಹೀರಬಾರದು, ಸುಣ್ಣದ ನೀರು ಬಾಯಿಗೂ ಕಣ್ಣಿಗೂ ಒಳ್ಳೆಯದಲ್ಲ.) ಸ್ವಲ್ಪ ಹೊತ್ತಿನಲ್ಲಿಯೇ ತಿಳಿಯು ಹಾಲಿನಂತಾಗುತ್ತದೆ. ನಿಮ್ಮ ಉಸಿರಿನಲ್ಲಿರುವ ಇಂಗಾಲಾಮ್ಲವು ಸುಣ್ಣದೊಡನೆ ಕೂಡಿ, ನೀರಿನಲ್ಲಿ ಕರಗದ ಕ್ಯಾಲ್ಸಿಯಂ ಕಾರ್ಬೊನೇಟ್ ಎಂಬ ಬಿಳಿಯ ಹುಡಿಯಾಯಿತು. ಸುಣ್ಣಕಲ್ಲು ಎಂದರೆ ಇದೇ ವಸ್ತು. ಅಂದರೆ ನೀವು ಲೋಟದಲ್ಲಿ ಬಂಡೆಯನ್ನು ಮಾಡಿದಿರಿ.

ಸಾಮಾನ್ಯವಾಗಿ ಶಾಲೆಯಲ್ಲಿ ಈ ಪ್ರಯೋಗವನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಅದು ತಪ್ಪು. ಸ್ವಾರಸ್ಯವಿರುವುದು ಮುಂದಿನ ಭಾಗದಲ್ಲಿ. ತಾಳ್ಮೆಯಿಂದ ಊದುತ್ತಲೇ ಹೋದರೆ ಹಾಲಿನಂತಿದ್ದ ನೀರು ನಿಧಾನವಾಗಿ ಮತ್ತೆ ತಿಳಿಯಾಗುತ್ತದೆ! ಹೆಚ್ಚಾಗಿ ಬಂದ ಇಂಗಾಲಾಮ್ಲವು ನೀರನ್ನು ತುಸು ಹುಳಿಯಾಗಿಸಿ, ಕರಗದಿದ್ದ ಕಾರ್ಬೊನೇಟನ್ನು ಕರಗಬಲ್ಲ ಬೈಕಾರ್ಬೊನೇಟಾಗಿ ಮಾಡುತ್ತದೆ. ಬಂಡೆ ಕರಗಿಹೋಯಿತು. ಈಗ ಆ ತಿಳಿಯನ್ನು ಒಲೆಯ ಮೇಲಿಟ್ಟು ಕಾಯಿಸಿ. ಇಂಗಾಲಾಮ್ಲವು ಗುಳ್ಳೆಯಾಗಿ ಹಾರಿಹೋಗುತ್ತಲೂ ನೀರು ಮೂರನೆಯ ಸಲ ರೂಪ ಬದಲಿಸಿ ಮತ್ತೆ ಬೆಳ್ಳಗಾಗುತ್ತದೆ. ಗಡಸು ನೀರನ್ನು ಕಾಯಿಸುವ ಹಂಡೆಯ ಒಳಮೈಗೆ ಕಟ್ಟುವ ಬಿಳಿಯ ಹೊಟ್ಟು ಹೀಗೆಯೇ ಆಗುವುದು.

ಗುಹೆಗಳ ಶಾಸ್ತ್ರವೆಲ್ಲ ಬಹುಮಟ್ಟಿಗೆ ಈ ಲೋಟದಲ್ಲಿದೆ. ಲಾಸ್ಕೋ ಗುಡ್ಡದ ಸುಣ್ಣಕಲ್ಲು ಸುಮಾರು ಒಂಬತ್ತು ಕೋಟಿ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಶೇಖರವಾದುದು. ಅದು ಮೇಲೆದ್ದು ನೆಲವಾದ ಬಳಿಕ ಮಳೆಯ ನೀರು ಅದರ ಬಿರುಕುಗಳಲ್ಲಿ ಇಳಿಯತೊಡಗಿತು. ಮಳೆಹನಿಯು ಗಾಳಿಯಿಂದ ಕೊಂಚ ಇಂಗಾಲಾಮ್ಲವನ್ನು ಹೀರುತ್ತದೆ. ಬೇರುಗಳೂ ಕೊಳೆಯುತ್ತಿರುವ ಎಲೆಗಳೂ ತುಂಬಿರುವ ಮಣ್ಣಿನಲ್ಲಿ ಇಳಿಯುವಾಗ ಅದಕ್ಕಿಂತ ಬಹಳ ಹೆಚ್ಚಾಗಿ ಹೀರುತ್ತದೆ. ಈ ಹುಳಿನೀರು ಬಿರುಕನ್ನು ಕಂಡಿಯಾಗಿಯೂ, ಕಂಡಿಯನ್ನು ಓಣಿಯಾಗಿಯೂ ಮಾಡುತ್ತದೆ. ಮುಂದೆ ನದಿಯು ತನ್ನ ಕಣಿವೆಯನ್ನು ಕೊರೆದು ಕೆಳಗಿಳಿದಂತೆ ಗುಡ್ಡದೊಳಗಿನ ನೀರಿನ ಮಟ್ಟವೂ ಇಳಿದು ಓಣಿಗಳು ಬರಿದಾಗುತ್ತವೆ. ಅವನ್ನೇ ನಾವು ಗುಹೆಗಳೆನ್ನುವುದು. ಬರಿದಾದ ಓಣಿಯೊಳಗೆ ಸುಣ್ಣ ಕರಗಿದ ನೀರು ಒಸರಿ ಬಂದಾಗ, ಅದರಲ್ಲಿದ್ದ ಇಂಗಾಲಾಮ್ಲವು ಗುಹೆಯ ಗಾಳಿಗೆ ಹಾರಿಹೋಗಿ, ಸುಣ್ಣವು ಹರಳುಗಟ್ಟಿ ಗೋಡೆಗೆ ಅಂಟುತ್ತದೆ. ಕರಗುವುದೋ ಕಟ್ಟುವುದೋ ಎಂಬುದನ್ನು ನಿರ್ಣಯಿಸುವುದು ಇಂಗಾಲಾಮ್ಲದ ಹೆಚ್ಚುಕಡಮೆಯೇ.

ಲಾಸ್ಕೋವಿನ ಭಾಗ್ಯವೇನೆಂದರೆ, ಈ ಎರಡು ಕೆಲಸಗಳೂ ಅಲ್ಲಿ ಸರಿಯಾದ ಕಾಲಕ್ಕೆ ನಡೆದು ಸರಿಯಾದ ಕಾಲಕ್ಕೆ ಬಹುಮಟ್ಟಿಗೆ ನಿಂತುಹೋದುವು. ಚಿತ್ರಗಾರರು ಬರುವುದಕ್ಕೆ ಮೊದಲೇ ಹಜಾರದ ಮತ್ತು ಮುಂದಿನ ಓಣಿಯ ಗೋಡೆಗಳ ಮೇಲೆ ಬಿಳಿಯ ಹರಳುಗಳ ಗಟ್ಟಿ ಪದರ ಕಟ್ಟಿತ್ತು. ಅವರಿಗೆ ಸುಣ್ಣ ಬಳಿದ ಗೋಡೆಯೇ ಸಿಕ್ಕಿದಂತಾಯಿತು. ಆಮೇಲೆ ಗುಹೆಯ ಮೇಲ್ಗಡೆಯಿರುವ, ನೀರನ್ನು ಇಳಿಯಗೊಡದ ಜೇಡಿಯ ಪದರವು ಕೊಡೆಯಂತೆ ಕಾಪಾಡಿತು. ಬಾಯಲ್ಲಿ ಮಾಡು ಕುಸಿದು ಬಿದ್ದ ಕಲ್ಲುಮಣ್ಣು ಬಿರಡೆಯಾಗಿ ನಿಂತಿತು. ಸುಣ್ಣಕಲ್ಲಿನ ಗುಹೆಗಳಲ್ಲಿ ಸಾಮಾನ್ಯವಾಗಿ ಕಾಣುವ, ಮಾಡಿನಿಂದ ತೂಗುವ ಕಲ್ಲಿನ ಗೊಂಚಲುಗಳು ಚಿತ್ರಗಳ ಹಜಾರದಲ್ಲಿ ಇಲ್ಲ. ನೋಡಲು ಬರುವವರಿಗೆ ಅದೊಂದು ಕೊರತೆಯಾಗಿ ತೋರಬಹುದು. ಚಿತ್ರಗಳು ಉಳಿದುದೇ ಆ ಕೊರತೆಯಿಂದ.

ಗೋಡೆಯು ಮೆತ್ತಗಿರುವ ಒಳಗಿನ ಭಾಗಗಳಲ್ಲಿ ಬಣ್ಣಕ್ಕಿಂತ ಹೆಚ್ಚಾಗಿ ಗೀರಿ ಬರೆದ ಚಿತ್ರಗಳಿವೆ. ಎಲ್ಲಕ್ಕಿಂತ ಹೆಚ್ಚು ಸಂಖ್ಯೆಯಲ್ಲಿರುವುದು ಕುದುರೆ. ಕವಲುಗೊಂಬಿನ ಸಾರಂಗ, ಬೈಸನ್, ಈಗ ಭೂಮಿಯ ಮೇಲೆ ಇಲ್ಲದ ಆರಾಕ್ಸ್ ಎಂಬ ಕಾಡುಗೂಳಿ ಇವೆಲ್ಲ ಉಂಟು. (ಆರಾಕ್ಸ್‌ಗಳಲ್ಲಿ ಕೊನೆಯದು 1627ರಲ್ಲಿ ಪೋಲೆಂಡಿನಲ್ಲಿ ಸತ್ತಿತು.) ಗುಹೆಯಲ್ಲಿ ಸಿಕ್ಕಿದ ಎಲುಬುಗಳನ್ನು ನೋಡಿದರೆ ಆ ಜನರು ತಿನ್ನುತ್ತಿದ್ದುದು ಬಹುಪಾಲು ಹಿಮಸಾರಂಗದ ಮಾಂಸ, ಆದರೆ ಗೋಡೆಯ ಮೇಲೆ ಹಿಮಸಾರಂಗವೆಂದು ಹೇಳಬಹುದಾದ ಚಿತ್ರ ಒಂದೇ ಒಂದು. ಬೇಟೆ ಸಿಗಲೆಂದು ಮಂತ್ರಕ್ಕಾಗಿ ಚಿತ್ರ ಬರೆದರೆಂಬ ಹಳೆಯ ಊಹೆಗೆ ಇದು ದೊಡ್ಡ ತೊಡಕು. ಬಣ್ಣಗಳು ನಮ್ಮ ಕೆಮ್ಮಣ್ಣಿನಂಥ ಕಬ್ಬಿಣದ ಆಕ್ಸೈಡುಗಳು. ಕಪ್ಪು ಬಣ್ಣ ಮ್ಯಾಂಗನೀಸಿನ ಆಕ್ಸೈಡು. ಬೆಳಕಿಗೆ ಕಲ್ಲಿನ ಹಣತೆಗಳಲ್ಲಿ ಪ್ರಾಣಿಗಳ ಕೊಬ್ಬನ್ನು ಉರಿಸುತ್ತಿದ್ದರು. ಅಂಥ ಹಣತೆಗಳು ಅನೇಕವು ದೊರೆತಿವೆ. ಎತ್ತರದ ಚಿತ್ರಗಳಿಗಾಗಿ ಅಟ್ಟ ಕಟ್ಟಿದ್ದರೆಂಬುದಕ್ಕೆ ಗೋಡೆಯಲ್ಲಿ ತೊಲೆ ಸಿಕ್ಕಿಸಿದ ಗೂಡುಗಳಿವೆ. ವರ್ಷಗಟ್ಟಲೆ ಗುಹೆಯಲ್ಲಿ ಕುಳಿತು ಗೀರುಚಿತ್ರಗಳ ಪ್ರತಿ ತೆಗೆದ ಪಾದ್ರಿ ಆಂದ್ರೆ ಗ್ಲೋರಿಯವರಿಗೆ 1953ರಲ್ಲಿ ಜೇಡಿಯಲ್ಲಿ ಅಚ್ಚೊತ್ತಿ ಉಳಿದ ನಾರಿನ ಹಗ್ಗದ ತುಂಡೊಂದು ದೊರೆಯಿತು. ಹಗ್ಗ, ದೀಪ, ಜೊತೆಗಾರರು. 1940ರ ಹುಡುಗರ ಸಲಕರಣೆಗಳು ಆ ಹಿಂದಿನವರ ಸಲಕರಣೆಗಳಿಗಿಂತ ಬಹಳ ಬೇರೆಯಾಗಿರಲಿಲ್ಲ.

ಇವೆಲ್ಲ ಎಷ್ಟು ಹಳೆಯವು? ಬಣ್ಣಗಳು ಖನಿಜಗಳಾದುದರಿಂದ ಅವುಗಳಲ್ಲಿ ಇಂಗಾಲವಿಲ್ಲ. ಆದಕಾರಣ ಚಿತ್ರಗಳ ವಯಸ್ಸನ್ನು ನೇರವಾಗಿ ಅಳೆಯುವಂತಿಲ್ಲ. ನೆಲದಲ್ಲಿ ದೊರೆತ ಇದ್ದಿಲಿನ ವಯಸ್ಸನ್ನು ಅಳೆಯಬಹುದು. ಬದುಕಿರುವ ಮರವು ಗಾಳಿಯಿಂದ ಸಾಮಾನ್ಯ ಇಂಗಾಲದೊಡನೆ ಇಂಗಾಲ-14 ಎಂಬ ವಿಕಿರಣಶೀಲ ಬಗೆಯನ್ನೂ ಅತ್ಯಲ್ಪವಾಗಿ ತೆಗೆದುಕೊಳ್ಳುತ್ತದೆ. ಸತ್ತಮೇಲೆ ಹೊಸದು ಸೇರದೆ, ಇದ್ದುದು ಸುಮಾರು 5,700 ವರ್ಷಗಳಿಗೊಮ್ಮೆ ಅರ್ಧದಷ್ಟಾಗುತ್ತ ಹೋಗುತ್ತದೆ. ಈ ವಿಧಾನವನ್ನು ಕಂಡುಹಿಡಿದು 1960ರಲ್ಲಿ ನೊಬೆಲ್ ಬಹುಮಾನ ಪಡೆದ ವಿಲ್ಲರ್ಡ್ ಲಿಬ್ಬಿ ಎಂಬ ಅಮೆರಿಕದ ವಿಜ್ಞಾನಿ ಲಾಸ್ಕೋವಿನ ಇದ್ದಿಲನ್ನು ಪರೀಕ್ಷಿಸಿ 1951ರಲ್ಲಿ ಪ್ರಕಟಿಸಿದ ವಯಸ್ಸು 15,516 ವರ್ಷ. ಅದರಲ್ಲಿ 900 ವರ್ಷಗಳ ಹೆಚ್ಚುಕಡಮೆ ಇರಬಹುದೆಂದೂ ಅವರೇ ಸೂಚಿಸಿದ್ದರು. ಮುಂದೆ ಬೇರೆ ಇದ್ದಿಲಿನಿಂದ ಸುಮಾರು 17,000 ವರ್ಷವೆಂದು ಬಂದಿತು. ಅಂದರೆ ಇಂಗಾಲ-14ರಲ್ಲಿ ಎಂಟನೆಯ ಒಂದು ಪಾಲಿನಷ್ಟು ಮಾತ್ರ ಉಳಿದಿತ್ತು. ಗಾಳಿಯಲ್ಲಿ ಇಂಗಾಲ-14ರ ಪ್ರಮಾಣ ಎಲ್ಲ ಕಾಲದಲ್ಲಿಯೂ ಒಂದೇ ಆಗಿರಲಿಲ್ಲವೆಂಬುದು ಈಗ ಗೊತ್ತಾಗಿದೆ. ಆ ತಿದ್ದುಪಡಿ ಮಾಡಿದರೆ ಇಪ್ಪತ್ತು ಸಾವಿರ ವರ್ಷಗಳಿಗೂ ಮೇಲಾಗುತ್ತದೆ. ಇದ್ದಿಲು ಚಿತ್ರಗಾರರ ಕಾಲದ್ದೇ ಎಂದು ನಂಬಿ ಹೇಳುವ ಮಾತು ಇದು ಎಂಬುದನ್ನು ಮಾತ್ರ ಮರೆಯಬಾರದು.

ಇಪ್ಪತ್ತು ಸಾವಿರ ವರ್ಷ ಉಳಿದ ಚಿತ್ರಗಳು ಮುಂದಿನ ಹದಿನೈದು ವರ್ಷಗಳಲ್ಲಿ ಕೆಡಲಾರಂಭಿಸಿದುವು. ಯುದ್ಧ ಮುಗಿದ ಮೇಲೆ ಗುಹೆಯ ಬಾಯಲ್ಲಿದ್ದ ಕಲ್ಲುಮಣ್ಣನ್ನು ತೆಗೆದು, ಮೆಟ್ಟಿಲು ಕಟ್ಟಿ, ಬಾಗಿಲಿರಿಸಿ, ವಿದ್ಯುದ್ದೀಪಗಳನ್ನು ಹಾಕಿ 1948ರ ಜುಲೈಯಲ್ಲಿ ಸಾರ್ವಜನಿಕರಿಗೆ ತೆರೆದರು. ಪ್ರಕೃತಿ ಹಾಕಿದ್ದ ಬಿರಡೆಯು ಹೀಗೆ ಹೋಯಿತು. 1955ರ ಹೊತ್ತಿಗೆ ದಿನಕ್ಕೆ 1,200 ಜನರು ಬರುತ್ತಿದ್ದರು. ಎಲ್ಲರೂ ಭಕ್ತಿಯಿಂದ ನೋಡಿದರು. ಯಾರೂ ಗೋಡೆಗೆ ಕೈ ಹಚ್ಚಲಿಲ್ಲವೆಂದೇ ಇಟ್ಟುಕೊಳ್ಳೋಣ. ಆದರೆ ಉಸಿರಾಡದೆ ಇರುವುದು ಸಾಧ್ಯವೆ?

ನಾವೇ ಒಂದು ಸ್ಥೂಲ ಲೆಕ್ಕ ಹಾಕಿ ನೋಡೋಣ. ಹೊರಗಿನ ಗಾಳಿಯಲ್ಲಿ ಇಂಗಾಲಾಮ್ಲವು ನೂರರಲ್ಲಿ 0.04 ಪಾಲು; ನಾವು ಬಿಡುವ ಉಸಿರಿನಲ್ಲಿ ಸುಮಾರು 4 ಪಾಲು, ಎಂದರೆ ನೂರು ಪಟ್ಟು. ಸುಮ್ಮನೆ ನಿಂತಿರುವ ಮನುಷ್ಯನೂ ಗಂಟೆಗೆ ಹದಿನೈದು ಇಪ್ಪತ್ತು ಲೀಟರು ಇಂಗಾಲಾಮ್ಲವನ್ನೂ, ಸುಮಾರು ನಲವತ್ತು ಗ್ರಾಮು ನೀರಾವಿಯನ್ನೂ, ನೂರು ವಾಟಿನ ದೀಪದಷ್ಟು ಶಾಖವನ್ನೂ ಹೊರಬಿಡುತ್ತಾನೆ. 1,200 ಜನರು ತಲಾ ಅರ್ಧ ಗಂಟೆ ಒಳಗಿದ್ದರೆಂದುಕೊಂಡರೆ ದಿನಕ್ಕೆ ಹತ್ತು ಸಾವಿರ ಲೀಟರಿನಷ್ಟು ಇಂಗಾಲಾಮ್ಲವಾಯಿತು. ಇಪ್ಪತ್ತನಾಲ್ಕು ಲೀಟರು, ಅಂದರೆ ಎರಡು ದೊಡ್ಡ ಬಿಂದಿಗೆ ನೀರಾಯಿತು. ಗುಹೆಯ ಗೋಡೆಗಳ ಉಷ್ಣತೆ ವರ್ಷವೆಲ್ಲ 12–13 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನಲ್ಲಿರುತ್ತದೆ. ತಣ್ಣೀರು ತುಂಬಿದ ತಂಬಿಗೆಯ ಹೊರಮೈಯಲ್ಲಿ ಬೆವರು ಕಟ್ಟುವಂತೆ ಆ ಗೋಡೆಗಳ ಮೇಲೆ ನೀರಾವಿಯು ಹನಿಗಟ್ಟಿತು. ಹನಿಯು ಇಂಗಾಲಾಮ್ಲವನ್ನು ಹೀರಿ ಹುಳಿಯಾಯಿತು. ಮುಂದಿನದು ನಿಮ್ಮ ಲೋಟದಲ್ಲಿ ನಡೆದುದೇ. ಒಂದು ಕಡೆ ಬಣ್ಣದ ಅಡಿಯಲ್ಲಿರುವ ಹರಳಿನ ಪದರ ಕರಗಲು ಮೊದಲಾಯಿತು. ಇನ್ನೊಂದು ಕಡೆ ಬಣ್ಣದ ಮೇಲೆ ಹೊಸ ಹರಳುಗಳು ಬಿಳಿಯ ಪೊರೆಯಾಗಿ ಕಟ್ಟಲು ಮೊದಲಾದುವು. ಈ ಎರಡನೆಯದನ್ನು ಫ್ರೆಂಚರು 'ಬಿಳಿಯ ರೋಗ'ವೆಂದು ಕರೆದರು. ಗುಹೆಯನ್ನು ಹುಟ್ಟಿಸಿದ ಕ್ರಿಯೆಯೇ, ಜನರ ಉಸಿರಿನ ನೆರವಿನಿಂದ, ಮತ್ತೆ ಪ್ರಾರಂಭವಾಗಿತ್ತು.

'ಹಸಿರು ರೋಗ'ವೂ ಬಂದಿತು. ವಿದ್ಯುದ್ದೀಪಗಳ ಬೆಳಕಿನಲ್ಲಿ, ಜನರ ಪಾದರಕ್ಷೆಗಳೊಡನೆಯೂ ಗಾಳಿಯೊಡನೆಯೂ ಒಳಬಂದ ಪಾಚಿಯ ಬೀಜಾಣುಗಳು ಮೊಳೆತು, 1960ರ ಸುಮಾರಿಗೆ ಗೋಡೆಗಳ ಮೇಲೆ ಹಸಿರು ಚುಕ್ಕೆಗಳು ಕಾಣಿಸಿಕೊಂಡುವು. ಅದಕ್ಕೆ ಮೊದಲೇ ಗಾಳಿಯನ್ನು ಶುದ್ಧಿ ಮಾಡುವ ಯಂತ್ರವನ್ನು ಹೂಡಿದ್ದರು, ಆದರೂ ಉಪಯೋಗವಾಗಲಿಲ್ಲ. ಕೊನೆಗೆ 1963ರಲ್ಲಿ ಫ್ರಾನ್ಸಿನ ಸಂಸ್ಕೃತಿ ಸಚಿವ ಆಂದ್ರೆ ಮಾಲ್ರೋ ಗುಹೆಯನ್ನು ಸಾರ್ವಜನಿಕರಿಗೆ ಮುಚ್ಚಿಸಿದರು. ಪ್ರವಾಸಿಗಳಿಂದ ಬದುಕುತ್ತಿದ್ದ ಊರಿಗೆ ಇದು ಸಣ್ಣ ಪೆಟ್ಟಲ್ಲ. ಪಾಚಿಯನ್ನು ಪ್ರತಿಜೀವಕಗಳಿಂದಲೂ ಫಾರ್ಮಲಿನ್‌ನಿಂದಲೂ ಕೊಂದರು. ಮುಂದೆ ಹಲವು ವರ್ಷಗಳ ಕಾಲ ದಿನಕ್ಕೆ ಬೆರಳೆಣಿಕೆಯ ಜನರನ್ನು ಮಾತ್ರ ಒಳಗೆ ಬಿಡುತ್ತಿದ್ದರು. 1983ರಲ್ಲಿ, ಮೂಲಗುಹೆಯಿಂದ ಇನ್ನೂರು ಮೀಟರು ದೂರದಲ್ಲಿ, ಹಜಾರ ಮತ್ತು ಓಣಿಗಳ ನಿಖರವಾದ ಪ್ರತಿಕೃತಿಯನ್ನು ಕಟ್ಟಿ ತೆರೆದರು.

ಇಷ್ಟಾದರೂ ಗುಹೆಗೆ ಪೂರ್ಣ ಆರೋಗ್ಯ ಬಂದಿಲ್ಲ. 2001ರಲ್ಲಿ, ಗಾಳಿಯ ಯಂತ್ರವನ್ನು ಬದಲಾಯಿಸಿದ ಹೊಸತರಲ್ಲಿಯೇ, ಫ್ಯುಸೇರಿಯಂ ಎಂಬ ಬಿಳಿಯ ಬೂಷ್ಟು ನೆಲದ ಮೇಲೂ ಗೋಡೆಗಳ ಮೇಲೂ ಹಬ್ಬಿತು. ನೆಲಕ್ಕೆ ಸುಟ್ಟ ಸುಣ್ಣವನ್ನೇ ಹರಡಿದರು. ಬೂಷ್ಟು ಕೊಲ್ಲುವ ಔಷಧಿಯನ್ನೂ ಹಚ್ಚಿದರು. ಕೆಲವು ವರ್ಷಗಳಲ್ಲಿ ಕಪ್ಪು ಚುಕ್ಕೆಗಳು ಎದ್ದುವು. ಅವುಗಳಿಗೆ ಕಾರಣವಾದ ಬೂಷ್ಟುಗಳಲ್ಲಿ ಒಂದು ವಿಜ್ಞಾನಕ್ಕೇ ಹೊಸದಾಗಿದ್ದುದರಿಂದ ಅದಕ್ಕೆ ಲಾಸ್ಕೋವಿನ ಹೆಸರನ್ನೇ ಇಟ್ಟರು. ಹಚ್ಚಿದ ಔಷಧಿಯೇ ಒಡೆದು ಕೆಲವು ಸೂಕ್ಷ್ಮಜೀವಿಗಳಿಗೆ ಆಹಾರವಾಗಿರಬಹುದೆಂದು ಅಲ್ಲಿ ಕೆಲಸ ಮಾಡಿದ ಸಂಶೋಧಕರೇ ಹೇಳಿದ್ದಾರೆ. ಈಗ ಗೋಡೆಗಳ ಉಷ್ಣತೆ, ಗಾಳಿಯ ತೇವ, ಇಂಗಾಲಾಮ್ಲದ ಪ್ರಮಾಣ ಇವನ್ನು ಉಪಕರಣಗಳು ಎಡೆಬಿಡದೆ ಅಳೆಯುತ್ತಿರುತ್ತವೆ. ನೋಡಿಕೊಳ್ಳಲು ಹೋಗುವ ಕೆಲವೇ ತಜ್ಞರು ಶುಭ್ರವಾದ ಮೇಲುಡುಪು ತೊಟ್ಟು, ಗಡಿಯಾರ ನೋಡಿ ಒಳಗೆ ಹೋಗಿ, ಗಡಿಯಾರ ನೋಡಿ ಹೊರಗೆ ಬರುತ್ತಾರೆ.

ನಾಲ್ವರು ಹುಡುಗರ ವಿಚಾರ ಹೇಳದಿದ್ದರೆ ವಾಚಕರು ಕೇಳದೆ ಬಿಡರು. ರಾವಿದಾ ಮತ್ತು ಮಾರ್ಸಾಲ್ ಗುಹೆ ತೆರೆದಾಗ ಅಲ್ಲಿಯೇ ಮಾರ್ಗದರ್ಶಕರಾದರು. ಮಾರ್ಸಾಲ್ 1989ರಲ್ಲಿ ತೀರಿಕೊಳ್ಳುವವರೆಗೂ ಗುಹೆಯ ಆರೈಕೆಯಲ್ಲಿಯೇ ಇದ್ದನು. ಆನ್ಯೆಲ್ ಪ್ಯಾರಿಸ್ ಕಡೆಗೆ ಹಿಂದಿರುಗಿದನು. ಕೋಎನ್‌ಕಾಸ್ ಯಹೂದ್ಯರ ಹುಡುಗ. ಗುಹೆಯನ್ನು ಕಂಡ ಕೆಲವೇ ದಿನಗಳಲ್ಲಿ ಅವನೂ ಪ್ಯಾರಿಸಿಗೆ ಮರಳಬೇಕಾಯಿತು. ಅವನ ತಂದೆತಾಯಿಗಳನ್ನು ನಾಜಿಗಳು ಆಶ್ವಿಟ್ಸ್ ಶಿಬಿರಕ್ಕೆ ಒಯ್ದರು, ಅವರು ಹಿಂದಿರುಗಲಿಲ್ಲ. ಬದುಕಿ ಉಳಿದ ಸಿಮೋನ್ ಕೋಎನ್‌ಕಾಸ್ ನಾಲ್ವರಲ್ಲಿ ಕೊನೆಯವರಾಗಿ 2020ರ ಫೆಬ್ರವರಿಯಲ್ಲಿ ತೀರಿಕೊಂಡರು. ಅದಕ್ಕೆ ಮೂರು ವರ್ಷಗಳ ಹಿಂದೆ, 2016ರ ಡಿಸೆಂಬರಿನಲ್ಲಿ, ಗುಡ್ಡದ ಬುಡದಲ್ಲಿ ಇನ್ನೂ ವಿಸ್ತಾರವಾದ ಹೊಸ ಪ್ರತಿಕೃತಿಯೊಂದು ತೆರೆದಿತ್ತು. ಈಗ ಲಾಸ್ಕೋ ನೋಡಲು ಹೋಗುವವರು ನೋಡುವುದು ಅದನ್ನೇ.